ಒಂದೇ ಮೇಜಿನ ಮೇಲೆ ಎರಡು ಫೋನ್: ಕಡತ ಪೂರ್ತಿಯಾಗಿ ದಾಟುವ ಬಗೆ

ಕರಾವಳಿಯ ಕಲಾಸಕ್ತರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪವಿದು. ಸಭೆಯಲ್ಲಿ ಫೋನ್‌ಗಳನ್ನು ಕೈಯಲ್ಲಿ ಹಿಡಿದು ತೋರಿಸಿದ ಭಾಗಗಳನ್ನು ಓದುವವರಿಗೂ ತಿಳಿಯುವಂತೆ ತುಸು ವಿಸ್ತರಿಸಿದ್ದೇನೆ.

ಮಾನ್ಯ ಸಭಿಕರೇ,

ತಾಳಮದ್ದಳೆ, ಭಜನೆ, ಸೋಬಾನೆ ಹಾಡುಗಳನ್ನು ತಮ್ಮ ಫೋನ್‌ಗಳಲ್ಲಿ ದಾಖಲಿಸಿ ಇಟ್ಟುಕೊಳ್ಳುವವರೇ ಈ ಸಭೆಯಲ್ಲಿ ಹೆಚ್ಚಾಗಿ ಇದ್ದೀರಿ. ಆದ್ದರಿಂದ ನನ್ನ ಮನೆಯಲ್ಲೇ ಆದ ಒಂದು ನಷ್ಟದಿಂದ ಮಾತು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಚಾವಡಿಯಲ್ಲಿ ಒಂದು ತಾಳಮದ್ದಳೆ ಕೂಟ ನಡೆಯಿತು. ಅರ್ಥ ಹೇಳಿದವರಲ್ಲಿ ಒಬ್ಬರು ಎಂಬತ್ತು ದಾಟಿದ ಹಿರಿಯರು. ಅವರ ಕೊನೆಯ ಕೂಟಗಳಲ್ಲಿ ಅದೂ ಒಂದಾಯಿತು. ನನ್ನ ಅಣ್ಣನ ಮಗ ತನ್ನ ಫೋನಿನಲ್ಲಿ ಒಂದೂವರೆ ಗಂಟೆಯ ವಿಡಿಯೊ ಮಾಡಿಕೊಂಡಿದ್ದ. ಅವನ ಫೋನಿನ ಆಪರೇಟಿಂಗ್ ಸಿಸ್ಟಮ್ ಒಂದು, ನನ್ನದು ಇನ್ನೊಂದು. ಎರಡೂ ಫೋನ್‌ಗಳು ಒಂದೇ ಮೇಜಿನ ಮೇಲೆ, ಎಲೆಯಡಿಕೆ ತಟ್ಟೆಯ ಆಚೆಗೊಂದು ಈಚೆಗೊಂದು ಇದ್ದವು. ಬ್ಲೂಟೂತ್‌ನಲ್ಲಿ ಕಳಿಸಲು ಹೋದೆವು, ಆಗಲಿಲ್ಲ. ಕೊನೆಗೆ ಅವನು ವಿಡಿಯೊವನ್ನು ತುಂಡು ತುಂಡು ಮಾಡಿ ಒಂದು ಸಂದೇಶ ಆ್ಯಪ್‌ನ ಮೂಲಕ ಕಳಿಸಿದ. ಬಂತು ಎಂದು ನಾನು ಹೇಳಿದೆ. ಜಾಗ ಸಾಲುತ್ತಿಲ್ಲವೆಂದು ಅವನು ಮೂಲವನ್ನು ಅಳಿಸಿದ. ವಾರ ಕಳೆದು ದೊಡ್ಡ ಪರದೆಯಲ್ಲಿ ಹಾಕಿ ನೋಡಿದಾಗ ಹಿರಿಯರ ಮುಖ ಕಲಸಿಹೋಗಿತ್ತು, ಮದ್ದಳೆಯ ಪೆಟ್ಟುಗಳು ಮೊಂಡಾಗಿದ್ದವು, ಎರಡು ತುಂಡುಗಳ ನಡುವೆ ಅವರ ಅರ್ಥದ ನಾಲ್ಕಾರು ವಾಕ್ಯಗಳೇ ಇರಲಿಲ್ಲ.

ಆ ದಿನ ನಮಗೆ ಬೇಕಾಗಿದ್ದದ್ದೆಲ್ಲ ಆ ಮೇಜಿನ ಮೇಲೆಯೇ ಇತ್ತು. ಎರಡೂ ಫೋನ್‌ಗಳಲ್ಲಿ ಒಂದೇ ಬಗೆಯ ವೈಫೈ ರೇಡಿಯೊ, ಒಂದೇ ಬಗೆಯ ಬ್ಲೂಟೂತ್ ರೇಡಿಯೊ ಇದ್ದವು, ಮತ್ತು ಅವು ಒಂದು ಕೇಬಲ್ಲಿಗಾಗಲಿ, ದೂರದ ಸರ್ವರಿಗಾಗಲಿ ಕಾಯಬೇಕಿರಲಿಲ್ಲ. ಕೊರತೆ ಇದ್ದದ್ದು ಯಂತ್ರದಲ್ಲಲ್ಲ. ಎರಡೂ ಕಡೆಯವರು ಒಪ್ಪಿದ ಮಾತುಕತೆಯ ಕ್ರಮದಲ್ಲಿ. ಆ ಕ್ರಮವನ್ನು ನಾವೇ ಒದಗಿಸಿಕೊಟ್ಟರೆ ಕಡತ ಇದ್ದ ಹಾಗೆಯೇ, ಒಂದು ಬೈಟೂ ಕಡಿಮೆಯಾಗದೆ ದಾಟುತ್ತದೆ. ಅದನ್ನು ಹೇಗೆ ಮಾಡುವುದೆಂದು ತೋರಿಸುವುದೇ ಈ ಹೊತ್ತಿನ ನನ್ನ ಕೆಲಸ.

ಮೊದಲು ಬ್ಲೂಟೂತ್ ಏಕೆ ಕೈಕೊಟ್ಟಿತು ಎಂಬುದನ್ನು ನೋಡೋಣ. 1994ರ ಸುಮಾರಿಗೆ ಸ್ವೀಡನ್ನಿನ ಲುಂಡ್ ನಗರದಲ್ಲಿ ಎರಿಕ್ಸನ್ ಸಂಸ್ಥೆಯ ಎಂಜಿನಿಯರುಗಳು ಇದರ ಕೆಲಸ ಆರಂಭಿಸಿದರು. 1998ರಲ್ಲಿ ಎರಿಕ್ಸನ್, ಇಂಟೆಲ್, ಐಬಿಎಂ, ನೋಕಿಯಾ, ತೋಷಿಬಾ ಎಂಬ ಐದು ಸಂಸ್ಥೆಗಳು ಸೇರಿ ಇದಕ್ಕೊಂದು ಕೂಟ ಕಟ್ಟಿದವು. ಹತ್ತನೆಯ ಶತಮಾನದಲ್ಲಿ ಚದುರಿದ್ದ ನಾಡುಗಳನ್ನು ಒಂದುಗೂಡಿಸಿದನೆಂದು ಹೆಸರಾದ ಡೆನ್ಮಾರ್ಕಿನ ದೊರೆ ಹರಾಲ್ಡ್ ಬ್ಲೂಟೂತ್‌ನ ಹೆಸರನ್ನೇ ಇದಕ್ಕೆ ಇಟ್ಟರು. ಆದರೆ ಬ್ಲೂಟೂತ್ ಎಂಬುದು ಒಂದೇ ಒಡಂಬಡಿಕೆಯಲ್ಲ, ಹಲವು ಒಡಂಬಡಿಕೆಗಳ ಕಟ್ಟು. ಹಾಡು ಕೇಳಿಸಲು ಒಂದು, ಕೀಲಿಮಣೆ ಜೋಡಿಸಲು ಒಂದು, ಕಡತ ನೂಕಲು ಇನ್ನೊಂದು. ಇವನ್ನು ಪ್ರೊಫೈಲ್ ಎನ್ನುತ್ತಾರೆ. ಹಳೆಯ ನೋಕಿಯಾ ಫೋನಿನಿಂದ ಇಂದಿನ ಆಂಡ್ರಾಯ್ಡ್ ಫೋನಿನವರೆಗೆ ಕಡತ ನೂಕುವ ಪ್ರೊಫೈಲ್ ಇದೆ. ಐಫೋನಿನಲ್ಲಿ ಅದನ್ನು ಸೇರಿಸಿಲ್ಲ. ಹಾಗಾಗಿ ಒಂದೇ ಇಯರ್‌ಫೋನ್ ಎರಡಕ್ಕೂ ಜೋಡಿಯಾಗುತ್ತದೆ, ಎರಡು ಫೋನ್‌ಗಳ ನಡುವೆ ಮಾತ್ರ ಒಂದು ಫೋಟೊ ಕೂಡ ದಾಟುವುದಿಲ್ಲ. ಗಂಟೆಗಟ್ಟಲೆ ಜೋಡಿಸಲು ಹೆಣಗಿದವರು ಇಲ್ಲಿ ಅನೇಕರಿರಬಹುದು. ತಪ್ಪು ನಿಮ್ಮ ಕೈಯದ್ದಾಗಿರಲಿಲ್ಲ.

ದಾಟಿದ್ದರೂ ಏನಾಗುತ್ತಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು, ಏಕೆಂದರೆ ದಾರಿಯನ್ನು ಆರಿಸುವುದು ಈ ಲೆಕ್ಕದ ಮೇಲೆಯೇ. ಐಫೋನಿನಲ್ಲಿ ಸಾಮಾನ್ಯವಾಗಿ ಬಳಸುವ 1080ಪಿ ಗುಣಮಟ್ಟದಲ್ಲಿ, ಸೆಕೆಂಡಿಗೆ 30 ಚೌಕಟ್ಟುಗಳಂತೆ, ಹೊಸ ಸಂಕೋಚನ ಕ್ರಮದಲ್ಲಿ ಚಿತ್ರೀಕರಿಸಿದರೆ ಒಂದು ನಿಮಿಷಕ್ಕೆ ಸುಮಾರು 60 ಎಂಬಿ ಬೇಕು. ಒಂದೂವರೆ ಗಂಟೆಗೆ 5,400 ಎಂಬಿ, ಅಂದರೆ 5.4 ಜಿಬಿ. ಬ್ಲೂಟೂತ್‌ನಲ್ಲಿ ಕಡತಕ್ಕೆ ನಿಜವಾಗಿ ಸಿಗುವ ವೇಗ ಸೆಕೆಂಡಿಗೆ ಹೆಚ್ಚೆಂದರೆ 2.1 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್ ಎಂಬುದನ್ನು ಮರೆಯಬಾರದು. ಭಾಗಿಸಿದರೆ ಸೆಕೆಂಡಿಗೆ ಕಾಲು ಎಂಬಿಯಷ್ಟೇ ಉಳಿಯುತ್ತದೆ. ಆ ಲೆಕ್ಕದಲ್ಲಿ ನಮ್ಮ ತಾಳಮದ್ದಳೆ ದಾಟಲು ಐದೂಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಅದೇ ಕಡತ ವೈಫೈನ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸೆಕೆಂಡಿಗೆ 25 ಎಂಬಿಯಂತೆ ಹರಿದರೆ ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ, ಜನದಟ್ಟಣೆಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸೆಕೆಂಡಿಗೆ 5 ಎಂಬಿ ಸಿಕ್ಕಿದರೂ ಹದಿನೆಂಟು ನಿಮಿಷ ಸಾಕು.

ಈ ವೈಫೈ ದಾರಿಯನ್ನು ಎರಡೂ ಕಡೆಯವರು ಬೇಗನೆ ಕಂಡುಕೊಂಡರು, ಆದರೆ ಬೇರೆ ಬೇರೆಯಾಗಿ ಕಂಡುಕೊಂಡರು. ಆ್ಯಪಲ್ 2011ರಲ್ಲಿ ಮ್ಯಾಕ್ ಕಂಪ್ಯೂಟರುಗಳಿಗೆ, 2013ರಲ್ಲಿ ಐಫೋನಿಗೆ ಏರ್‌ಡ್ರಾಪ್ ಕೊಟ್ಟಿತು. ಅದರಲ್ಲಿ ಬ್ಲೂಟೂತ್ ಮಾಡುವುದು ಹತ್ತಿರ ಯಾರಿದ್ದಾರೆಂದು ಹುಡುಕುವ ಕೆಲಸ ಮಾತ್ರ. ಕಡತ ಹರಿಯುವುದು ಎರಡು ಸಾಧನಗಳ ನಡುವೆ ನೇರವಾಗಿ ಏರ್ಪಡುವ ವೈಫೈ ಕೊಂಡಿಯ ಮೇಲೆ. ಆ ಕೊಂಡಿಯ ಕ್ರಮ ಆ್ಯಪಲ್ಲಿನ ಸ್ವಂತದ್ದು. ಅದರ ಒಳಗುಟ್ಟನ್ನು ಹೊರಗಿನಿಂದಲೇ ಬಿಡಿಸಿ 2018ರಲ್ಲಿ ಪ್ರಕಟಿಸಿದವರು ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು. ಆಂಡ್ರಾಯ್ಡ್ ಕಡೆಯ ಕತೆ ಅಂಕುಡೊಂಕು. 2011ರಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಕಳಿಸುವ ಬೀಮ್ ಬಂತು, 2019ರ ಆಂಡ್ರಾಯ್ಡ್ 10ರಿಂದ ಅದನ್ನು ಕೈಬಿಟ್ಟರು. 2020ರ ಆಗಸ್ಟ್‌ನಲ್ಲಿ ನಿಯರ್‌ಬೈ ಶೇರ್ ಬಂತು. 2024ರ ಜನವರಿಯಲ್ಲಿ ಅದು ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್‌ನೊಂದಿಗೆ ಒಂದಾಗಿ ಕ್ವಿಕ್ ಶೇರ್ ಎಂಬ ಹೆಸರನ್ನೇ ಉಳಿಸಿಕೊಂಡಿತು.

ನಡುವಿನ ಕಾಲದಲ್ಲಿ ನಮ್ಮೂರುಗಳಲ್ಲಿ ಈ ಕೆಲಸ ನಡೆದದ್ದು ಶೇರ್‌ಇಟ್, ಕ್ಸೆಂಡರ್ ಎಂಬ ಆ್ಯಪ್‌ಗಳಿಂದ. ಮೊಬೈಲ್ ಅಂಗಡಿಗಳಲ್ಲಿ ಹಾಡು ತುಂಬಿಸಿಕೊಂಡವರಿಗೆಲ್ಲ ಇವು ಚಿರಪರಿಚಿತ. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಇವೆರಡೂ ಇದ್ದವು. ಆ ಆ್ಯಪ್‌ಗಳು ಹೋದ ಮೇಲೆ ಬೇರೆ ದಾರಿಯೇ ಇಲ್ಲವೆಂದು ಅನೇಕರು ಸಂದೇಶ ಆ್ಯಪ್‌ಗಳಿಗೆ ಹೊರಳಿದರು. ಆದರೆ ಆ ಆ್ಯಪ್‌ಗಳು ಮಾಡುತ್ತಿದ್ದ ಕೆಲಸದಲ್ಲಿ ಅವುಗಳಿಗೇ ಮೀಸಲಾದದ್ದು ಏನೂ ಇರಲಿಲ್ಲ. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ತೆರೆದು ಇನ್ನೊಂದನ್ನು ಅದಕ್ಕೆ ಸೇರಿಸುತ್ತಿದ್ದವು, ಅಷ್ಟೇ. ಹಾಟ್‌ಸ್ಪಾಟ್ ಈಗಲೂ ನಿಮ್ಮ ಫೋನಿನಲ್ಲಿದೆ.

ಇನ್ನು ಕೆಲಸಕ್ಕೆ ಬರೋಣ. ಇಲ್ಲಿ ಒಂದು ಆಂಡ್ರಾಯ್ಡ್ ಫೋನ್, ಒಂದು ಐಫೋನ್ ಇವೆ. ಎರಡರಲ್ಲೂ ಲೋಕಲ್‌ಸೆಂಡ್ ಎಂಬ ಆ್ಯಪ್ ಹಾಕಿದ್ದೇನೆ. ಇದು ಉಚಿತ, ಮೂಲಸಂಕೇತವನ್ನು ಯಾರು ಬೇಕಾದರೂ ತೆರೆದು ನೋಡಬಹುದಾದ ತಂತ್ರಾಂಶ, ಕಂಪ್ಯೂಟರುಗಳಿಗೂ ಸಿಗುತ್ತದೆ, ಖಾತೆ ತೆರೆಯಬೇಕಿಲ್ಲ. ಹಾಟ್‌ಸ್ಪಾಟನ್ನು ಆಂಡ್ರಾಯ್ಡ್ ಫೋನಿನಲ್ಲಿ ತೆರೆಯಿರಿ ಎಂಬುದು ನನ್ನ ಸಲಹೆ, ಏಕೆಂದರೆ ಅದರಲ್ಲಿ ಮೊಬೈಲ್ ಡೇಟಾ ಬಂದ್ ಮಾಡಿಯೂ ಹಾಟ್‌ಸ್ಪಾಟ್ ಇಟ್ಟುಕೊಳ್ಳಬಹುದು. ಡೇಟಾ ಬಂದ್ ಮಾಡದಿದ್ದರೆ, ವೈಫೈ ಸಿಕ್ಕಿತೆಂದು ಐಫೋನ್ ತನ್ನ ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸಲು ತೊಡಗಿ ನಿಮ್ಮ ದಿನದ ಡೇಟಾ ಖಾಲಿ ಮಾಡಬಹುದು. ಹಾಟ್‌ಸ್ಪಾಟಿನ ಸೆಟ್ಟಿಂಗ್ಸ್‌ನಲ್ಲಿ 5 ಗಿಗಾಹರ್ಟ್ಸ್ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಅಲ್ಲಿ ಕಾಣುವ ಕ್ಯೂಆರ್ ಸಂಕೇತಕ್ಕೆ ಐಫೋನಿನ ಕ್ಯಾಮೆರಾ ಹಿಡಿದರೆ ಪಾಸ್‌ವರ್ಡ್ ಕುಟ್ಟುವ ಕಷ್ಟವೂ ಇಲ್ಲ. ಇಷ್ಟಾದರೆ ಎರಡು ಫೋನ್‌ಗಳು ಸೇರಿ ಒಂದು ಪುಟ್ಟ ಜಾಲವಾದವು. ಹೊರಗಿನ ಇಂಟರ್ನೆಟ್ ಇಲ್ಲ, ಬೇಕಾಗಿಯೂ ಇಲ್ಲ; ಟವರ್ ಸಿಗದ ಘಟ್ಟದ ಮೇಲಿನ ಮನೆಯಲ್ಲೂ ಇದು ನಡೆಯುತ್ತದೆ.

ಆ್ಯಪ್ ತೆರೆದೊಡನೆ ಐಫೋನ್ ಒಂದು ಪ್ರಶ್ನೆ ಕೇಳುತ್ತದೆ: ಸ್ಥಳೀಯ ಜಾಲದಲ್ಲಿರುವ ಸಾಧನಗಳನ್ನು ಹುಡುಕಲು ಈ ಆ್ಯಪ್‌ಗೆ ಅನುಮತಿ ಕೊಡಬೇಕೇ ಎಂದು. 2020ರ ಐಓಎಸ್ 14ರಿಂದ ಈ ಪ್ರಶ್ನೆ ಬಂದಿದೆ. ಅವಸರದಲ್ಲಿ ಬೇಡ ಎಂದವರಿಗೆ ಮುಂದೆ ಎಂದೂ ಇನ್ನೊಂದು ಫೋನ್ ಕಾಣುವುದಿಲ್ಲ, ಕಾರಣವೂ ತಿಳಿಯುವುದಿಲ್ಲ. ಹಾಗಾಗಿದ್ದರೆ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಲೋಕಲ್ ನೆಟ್‌ವರ್ಕ್ ಎಂಬಲ್ಲಿ ಹೋಗಿ ಅನುಮತಿ ಕೊಡಿ. ಈಗ ನೋಡಿ, ಎರಡೂ ಫೋನ್‌ಗಳಿಗೆ ಆ್ಯಪ್ ತಾನೇ ಒಂದು ಹೆಸರಿಟ್ಟಿದೆ. ಒಂದು ವಿಶೇಷಣ, ಒಂದು ಹಣ್ಣು. ಕಳಿಸುವವರು ಕಡತ ಆರಿಸಿ ಆ ಹಣ್ಣಿನ ಹೆಸರನ್ನು ಮುಟ್ಟಬೇಕು. ಪಡೆಯುವವರ ಪರದೆಯಲ್ಲಿ ಯಾರು ಕಳಿಸುತ್ತಿದ್ದಾರೆ, ಎಷ್ಟು ಕಡತ ಎಂದು ಬರುತ್ತದೆ. ಒಪ್ಪಿಗೆ ಕೊಟ್ಟ ಮೇಲೆಯೇ ಕಡತ ಹರಿಯತೊಡಗುತ್ತದೆ. ಈ ಇಡೀ ಮಾತುಕತೆ ನಡೆಯುವುದು ನಾವು ದಿನವೂ ಜಾಲತಾಣ ತೆರೆಯುವಾಗ ಬಳಸುವ ಎಚ್‌ಟಿಟಿಪಿಎಸ್ ಕ್ರಮದಲ್ಲಿಯೇ. ಎರಡೂ ಆಪರೇಟಿಂಗ್ ಸಿಸ್ಟಮ್‌ಗಳಿಗೆ ಹುಟ್ಟಿನಿಂದ ಬರುವ ಭಾಷೆ ಅದು. ನಾವು ಹುಡುಕುತ್ತಿದ್ದ ಒಡಂಬಡಿಕೆ ಇಲ್ಲಿ ಸಿಕ್ಕಿತು.

ಕಡತ ಅರ್ಧಕ್ಕೆ ನಿಂತರೆ ಬಹುಪಾಲು ಕಾರಣ ಐಫೋನಿನ ಪರದೆ ಆರಿದ್ದು. ಪರದೆ ಬೀಗವಾದರೆ ಹಿನ್ನೆಲೆಗೆ ಸರಿದ ಆ್ಯಪ್‌ಗಳನ್ನು ಆ ವ್ಯವಸ್ಥೆ ತಡೆಹಿಡಿಯುತ್ತದೆ. ದೊಡ್ಡ ಕಡತ ಕಳಿಸುವಷ್ಟು ಹೊತ್ತು ಆಟೊ-ಲಾಕ್ ತೆಗೆದಿಡಿ, ಬೇರೆ ಆ್ಯಪ್‌ಗೆ ಹೋಗಬೇಡಿ. ಫೋನ್‌ಗಳು ಒಂದಕ್ಕೊಂದು ಕಾಣದೇ ಇದ್ದರೆ ವಿಪಿಎನ್, ಅಂದರೆ ಸಂಪರ್ಕವನ್ನು ದೂರದ ಸರ್ವರಿನ ಮೂಲಕ ಸುತ್ತಿಸುವ ಸೌಲಭ್ಯ, ಚಾಲೂ ಇದೆಯೇ ನೋಡಿ. ಕಾಲೇಜು, ವಸತಿಗೃಹ, ಆಸ್ಪತ್ರೆಗಳ ಸಾರ್ವಜನಿಕ ವೈಫೈನಲ್ಲಿ ಅದಕ್ಕೆ ಸೇರಿದ ಸಾಧನಗಳು ಪರಸ್ಪರ ಕಾಣದಂತೆ ಬೇಕೆಂದೇ ಗೋಡೆ ಕಟ್ಟಿರುತ್ತಾರೆ. ಅದು ಎಲ್ಲರ ರಕ್ಷಣೆಗೆ ಒಳ್ಳೆಯದು, ನಮ್ಮ ಕೆಲಸಕ್ಕೆ ಅಡ್ಡಿ. ಅಂಥ ಕಡೆಯೂ ಸ್ವಂತ ಹಾಟ್‌ಸ್ಪಾಟೇ ಸರಿ. ಒಂದೆರಡು ಫೋಟೊ ಮಾತ್ರ ಕಳಿಸಬೇಕು, ಆ್ಯಪ್ ಹಾಕುವಷ್ಟು ಪುರುಸೊತ್ತಿಲ್ಲ ಎನ್ನುವವರು ಎರಡೂ ಫೋನ್‌ಗಳ ಬ್ರೌಸರಿನಲ್ಲಿ ಪೇರ್‌ಡ್ರಾಪ್ ಪುಟ ತೆರೆಯಬಹುದು. ಪುಟ ತೆರೆಯಲು ಮತ್ತು ಪರಸ್ಪರ ಪರಿಚಯವಾಗಲು ಇಂಟರ್ನೆಟ್ ಬೇಕು, ಆಮೇಲೆ ಒಂದೇ ಜಾಲದಲ್ಲಿರುವ ಫೋನ್‌ಗಳ ನಡುವೆ ಕಡತ ನೇರವಾಗಿ ಹೋಗುತ್ತದೆ. ಹಲವು ಜಿಬಿಯ ಕಡತಗಳಿಗೆ ನಾನು ಅದನ್ನು ನೆಚ್ಚುವುದಿಲ್ಲ.

ವಾಟ್ಸ್‌ಆ್ಯಪ್ ಇದೆಯಲ್ಲ ಎಂದು ಮುಂದಿನ ಸಾಲಿನ ತಾಯಿಯೊಬ್ಬರು ಕೇಳಿದರು. ಅದರಲ್ಲಿ ಗ್ಯಾಲರಿಯಿಂದ ಆರಿಸಿ ಕಳಿಸಿದ ಫೋಟೊ, ವಿಡಿಯೊಗಳು ಕುಗ್ಗಿಯೇ ಹೋಗುತ್ತವೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಕುಗ್ಗುವುದಿಲ್ಲ. 2022ರಿಂದ ಒಂದು ಕಡತಕ್ಕೆ 2 ಜಿಬಿಯ ಮಿತಿ ಇದೆ. ಮಕ್ಕಳ ಶಾಲೆಯ ಫೋಟೊಗಳಿಗೆ ಇದು ಧಾರಾಳವಾಗಿ ಸಾಕು. ನಮ್ಮ 5.4 ಜಿಬಿಯ ಕೂಟಕ್ಕೆ ಸಾಲದು, ಅಲ್ಲದೆ ಎರಡು ಅಡಿ ದೂರದ ಫೋನಿಗೆ ಹೋಗಬೇಕಾದದ್ದು ಒಮ್ಮೆ ಸರ್ವರಿಗೆ ಏರಿ, ಮತ್ತೊಮ್ಮೆ ಇಳಿದು ಬರಬೇಕು. ಇದೇ ಸಂದರ್ಭದಲ್ಲಿ ಮೆಮೊರಿ ಕಾರ್ಡ್ ಬಳಸುವವರಿಗೂ ಒಂದು ಮಾತು: ಹಳೆಯ ಫ್ಯಾಟ್32 ಕ್ರಮದಲ್ಲಿರುವ ಕಾರ್ಡಿನಲ್ಲಿ 4 ಜಿಬಿ ಮೀರಿದ ಒಂದು ಕಡತವನ್ನು ಇಡಲು ಬರುವುದಿಲ್ಲ. ಜಾಗ ಖಾಲಿ ಇದ್ದರೂ ಬರುವುದಿಲ್ಲ.

ನಮ್ಮಂಥವರಿಗೆ ಎದುರಾಗುವ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ನಾವು ಕಡತಕ್ಕೆ ಕನ್ನಡದಲ್ಲಿ ಹೆಸರಿಡುತ್ತೇವೆ, ಇಡಬೇಕು ಕೂಡ. ಆದರೆ ಆಂಡ್ರಾಯ್ಡ್ ಫೋನಿನ ಸಂಗ್ರಹದಲ್ಲಿ ಒಂದು ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಶ್ರೀ ಎಂದು ಬರೆದರೆ ಶಕಾರ, ವಿರಾಮ ಚಿಹ್ನೆ, ರಕಾರ, ದೀರ್ಘ ಈಕಾರದ ಗುರುತು, ಹೀಗೆ ನಾಲ್ಕು ಸಂಕೇತ, ಹನ್ನೆರಡು ಬೈಟ್. ಪ್ರಸಂಗದ ಹೆಸರು, ಭಾಗವತರ ಹೆಸರು, ಮೂವರು ಅರ್ಥಧಾರಿಗಳ ಹೆಸರು, ಊರು, ದಿನಾಂಕ ಎಲ್ಲವನ್ನೂ ಸೇರಿಸಿ ಅಕ್ಕರೆಯಿಂದ ಹೆಸರಿಟ್ಟರೆ 85 ಸಂಕೇತಗಳ ಮಿತಿ ಬೇಗ ಮುಗಿಯುತ್ತದೆ, ಕಳಿಸಲು ಹೋದಾಗ ಕಾರಣವಿಲ್ಲದೆ ವಿಫಲವಾದಂತೆ ಕಾಣುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಅದೇ ದೀರ್ಘ ಈಕಾರವನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳಾಗಿಯೂ ಬರೆಯಲು ಯೂನಿಕೋಡಿನಲ್ಲಿ ಅವಕಾಶವಿದೆ. ಆ್ಯಪಲ್ಲಿನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಐಫೋನ್ 2017ರಲ್ಲಿ ಹೊಸ ವ್ಯವಸ್ಥೆಗೆ ಬಂದರೂ ಹಳೆಯ ಮ್ಯಾಕ್‌ಗಳಿಂದ ಬಂದ ಕಡತಗಳು ಇನ್ನೂ ಓಡಾಡುತ್ತಿವೆ. ಕಣ್ಣಿಗೆ ಎರಡೂ ಶ್ರೀ ಒಂದೇ, ಯಂತ್ರಕ್ಕೆ ಬೇರೆ ಬೇರೆ; ಆದ್ದರಿಂದ ಎದುರಿಗೇ ಇರುವ ಕಡತ ಹುಡುಕಾಟದಲ್ಲಿ ಸಿಗದೆ ಹೋಗಬಹುದು. ಹೆಸರು ಚಿಕ್ಕದಿರಲಿ, ಆರಂಭದಲ್ಲಿ ದಿನಾಂಕ ಅಂಕಿಗಳಲ್ಲಿರಲಿ, ವಿವರಗಳನ್ನೆಲ್ಲ ಜೊತೆಗೊಂದು ಟಿಪ್ಪಣಿ ಕಡತದಲ್ಲಿ ಬರೆದಿಡಿ.

ಐಫೋನಿನ ಫೋಟೊಗಳು ಹೀಕ್ (HEIC) ಎಂಬ ಕೊನೆಯ ಹೆಸರಿನೊಂದಿಗೆ ಬಂದರೆ ಗಾಬರಿ ಬೇಡ. 2017ರಿಂದ ಅದರ ರೂಢಿಯ ಸ್ವರೂಪ ಅದು. ಆಂಡ್ರಾಯ್ಡ್ 9 ಮತ್ತು ಆಮೇಲಿನ ಫೋನ್‌ಗಳು ಸಾಮಾನ್ಯವಾಗಿ ತೆರೆಯುತ್ತವೆ.

ಇತ್ತೀಚಿನ ಬೆಳವಣಿಗೆಗಳು ನನಗೆ ತುಂಬ ಸಂತೋಷ ತಂದಿವೆ. ವೈಫೈ ಅವೇರ್ ಎಂಬುದು ಹತ್ತಿರದ ಸಾಧನಗಳು ರೂಟರಿಲ್ಲದೆ ಪರಸ್ಪರ ಕಂಡುಕೊಂಡು ಮಾತಾಡುವ ಎಲ್ಲರ ಒಪ್ಪಿಗೆಯ ಕ್ರಮ. 2015ರಲ್ಲಿ ಬಂದ ಇದನ್ನು ಆಂಡ್ರಾಯ್ಡ್ 2017ರಲ್ಲೇ ಸೇರಿಸಿಕೊಂಡಿತ್ತು. ಯುರೋಪಿನ ಒಕ್ಕೂಟ ತನ್ನ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಅಡಿ 2025ರ ಮಾರ್ಚ್‌ನಲ್ಲಿ ಆ್ಯಪಲ್ಲಿಗೆ ವಿಧಿಸಿದ ಕರ್ತವ್ಯಗಳಲ್ಲಿ ಇದೂ ಸೇರಿತ್ತು. ಅದೇ ವರ್ಷದ ಐಓಎಸ್ 26ರಲ್ಲಿ ಅದು ಆ್ಯಪ್ ಕಟ್ಟುವವರಿಗೆ ದೊರಕಿತು. 2025ರ ನವೆಂಬರ್‌ನಲ್ಲಿ ಗೂಗಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಕ್ವಿಕ್ ಶೇರ್ ನೇರವಾಗಿ ಏರ್‌ಡ್ರಾಪ್‌ನೊಂದಿಗೆ ಮಾತಾಡುವಂತೆ ಮಾಡಿತು. ಮೊದಲಿಗೆ ಪಿಕ್ಸೆಲ್ 10 ಸರಣಿಯ ಫೋನ್‌ಗಳಿಗೆ ಅದು ಸಿಕ್ಕಿತು. ಇದಕ್ಕೆ ಐಫೋನಿನವರು ಏರ್‌ಡ್ರಾಪನ್ನು ಹತ್ತು ನಿಮಿಷಗಳ ಮಟ್ಟಿಗೆ ಎಲ್ಲರಿಗೂ ತೆರೆಯಬೇಕು. ಆ ಹತ್ತು ನಿಮಿಷದ ಮಿತಿ 2022ರ ಕೊನೆಯಲ್ಲಿ ಬಂದದ್ದು. ಬಸ್ಸಿನಲ್ಲೋ ಸಂತೆಯಲ್ಲೋ ಅಪರಿಚಿತರು ಬೇಡದ ಚಿತ್ರಗಳನ್ನು ತೂರಿಸುವುದಕ್ಕೆ ಅದು ತಡೆ. ನಿಮ್ಮ ಕೈಯಲ್ಲಿರುವ ಫೋನಿಗೆ ಈ ಸೌಲಭ್ಯ ಬಂದಿದ್ದರೆ ಅದನ್ನೇ ಬಳಸಿ. ಬಂದಿಲ್ಲವಾದರೆ ಹಾಟ್‌ಸ್ಪಾಟಿನ ದಾರಿ ಹತ್ತು ವರ್ಷ ಹಳೆಯ ಫೋನಿಗೂ ಒದಗುತ್ತದೆ. ಲೋಕಲ್‌ಸೆಂಡ್‌ನಲ್ಲಿ ಕೇಳದೆಯೇ ಸ್ವೀಕರಿಸುವ ಕ್ವಿಕ್ ಸೇವ್ ಎಂಬ ಆಯ್ಕೆ ಇದೆ, ಅದನ್ನು ಮುಚ್ಚಿಯೇ ಇಡಿ. ಕೆಲಸ ಮುಗಿದ ಮೇಲೆ ಹಾಟ್‌ಸ್ಪಾಟನ್ನೂ ಮುಚ್ಚಿ.

ಕೊನೆಯದಾಗಿ, ಬಂತು ಎಂದು ಹೇಳುವ ಮೊದಲು ಮಾಡಬೇಕಾದದ್ದು. ಎರಡೂ ಫೋನ್‌ಗಳಲ್ಲಿ ಕಡತದ ಗಾತ್ರ ನೋಡಿ. ಐಫೋನ್ ಸಾವಿರದ ಲೆಕ್ಕದಲ್ಲಿ ಜಿಬಿ ಎಣಿಸುತ್ತದೆ, ಆಂಡ್ರಾಯ್ಡಿನ ಕೆಲವು ಆ್ಯಪ್‌ಗಳು 1,024ರ ಲೆಕ್ಕದಲ್ಲಿ ಎಣಿಸುತ್ತವೆ. ಆದ್ದರಿಂದ ಅಲ್ಲಿ 5.4 ಎಂದಿದ್ದದ್ದು ಇಲ್ಲಿ 5.03 ಎಂದು ಕಂಡರೆ ಏನೂ ಕಳೆದುಹೋಗಿಲ್ಲ. ಬೈಟ್‌ಗಳ ಪೂರ್ಣ ಸಂಖ್ಯೆ ಕಾಣುವಂತಿದ್ದರೆ ಅದನ್ನು ಅಂಕಿಗೆ ಅಂಕಿ ತಾಳೆ ನೋಡಿ. ಆಮೇಲೆ ವಿಡಿಯೊ ತೆರೆದು ಆರಂಭ, ನಡುವಿನ ಎರಡು ಜಾಗ, ಕೊನೆಯ ಒಂದು ನಿಮಿಷ ಕೇಳಿ. ನನ್ನ ಅಣ್ಣನ ಮಗ ಈಗಲೂ ಕೂಟಗಳನ್ನು ಚಿತ್ರೀಕರಿಸುತ್ತಾನೆ, ಚಾವಡಿಯ ಅದೇ ಮೇಜಿನ ಮೇಲೆ ಫೋನಿಟ್ಟು ನನಗೆ ಕಳಿಸುತ್ತಾನೆ. ಕಳಿಸಿ ಮುಗಿದ ಕೂಡಲೇ "ಚಿಕ್ಕಪ್ಪ, ಇನ್ನು ಅಳಿಸಲಾ?" ಎಂದು ಕೇಳುತ್ತಾನೆ. "ತಡಿ ಮಾರಾಯ, ಮಂಗಳ ಕೇಳ್ತೇನೆ" ಎಂದು ನಾನು ಕೊನೆಯ ನಿಮಿಷಕ್ಕೆ ಹೋಗುತ್ತೇನೆ. ಭಾಗವತರು ಮಂಗಳ ಹಾಡಿ ತಾಳ ಕೆಳಗಿಡುವ ಸದ್ದು ಕೇಳಿದ ಮೇಲೆ ಅವನು ತನ್ನ ಫೋನಿನ ಕಡತ ಅಳಿಸುತ್ತಾನೆ.